ಬಣ್ಣ ಹೋಗುವುದು ಎಲ್ಲಿಗೆ?

ಬ್ಲೀಚ್ ಎಂಬ ಇಂಗ್ಲಿಷ್ ಪದದ ಮೂಲಾರ್ಥ ಬೆಳ್ಳಗಾಗಿಸುವುದು. ಅದನ್ನು ನಾವು ‘ಬಣ್ಣ ತೆಗೆಯುವುದು’ ಎಂದಾಗ ಅರ್ಥವೇ ಜಾರುತ್ತದೆ, ಏಕೆಂದರೆ ಚಲುವೆ ಪುಡಿ, ಅಂದರೆ ಬ್ಲೀಚಿಂಗ್ ಪೌಡರ್, ಏನನ್ನೂ ಕಿತ್ತು ಒಯ್ಯುವುದಿಲ್ಲ. ಅದು ಬಣ್ಣದ ಅಣುವಿನೊಂದಿಗೆ ವರ್ತಿಸಿ, ಬೆಳಕು ಹೀರುವ ಅದರ ರಚನೆಯನ್ನು ಮುರಿಯುತ್ತದೆ. ತುಣುಕುಗಳು ಬಟ್ಟೆಯಲ್ಲೇ ಉಳಿದರೂ ಕಣ್ಣಿಗೆ ಬೀಳವು. ಕೊನೆಗೆ ನೀರಲ್ಲಿ ಕೊಚ್ಚಿಹೋಗುವುದಿಲ್ಲವೇ ಎನ್ನಬಹುದು. ಹೋಗುತ್ತವೆ, ಆದರೆ ಅದು ಜಾಲಿಸಿದ್ದರ ಫಲ, ಪುಡಿಯದಲ್ಲ.

ಇನ್ನೂ ಬಲವಾದ ಸಾಕ್ಷಿ ಗಂಧಕದ ಡೈಆಕ್ಸೈಡ್. ಅದರಿಂದ ಬಿಳುಪಾಗಿಸಿದ ಉಣ್ಣೆ, ಹುಲ್ಲಿನ ಟೋಪಿ ಗಾಳಿಯಲ್ಲಿರುತ್ತಾ ಮತ್ತೆ ಹಳದಿಗೆ ತಿರುಗುತ್ತವೆ. ಬಣ್ಣ ಬಿಟ್ಟೇ ಹೋಗಿದ್ದರೆ ಮರಳುತ್ತಿತ್ತೇ? ಎಲ್ಲ ಬಿಳುಪೂ ಹೀಗೆ ಮರಳುವುದಿಲ್ಲ, ನಿಜ. ಕ್ಲೋರಿನ್‌ನದು ಸಾಮಾನ್ಯವಾಗಿ ಶಾಶ್ವತ. ಆದರೂ ಅಲ್ಲಿ ನಡೆಯುವುದು ಬದಲಾವಣೆಯೇ. ಹಾಗಾಗಿ ಮಕ್ಕಳಿಗೆ ಹೇಳಿಕೊಡುವಾಗ ‘ಬಣ್ಣ ತೆಗೆಯುವುದು’ ಬಿಟ್ಟು, ‘ಚಲುವೆ ಮಾಡುವುದು’ ಎಂದೇ ಹೇಳಿ.