ಸತ್ತವರಿಂದ ಶುರು

ನ್ಯೂಜೆರ್ಸಿ
ಅಕ್ಟೋಬರ್ 6, ಸೋಮವಾರ, ರಾತ್ರಿ

ನಾಳೆಯಿಂದ ವಲಸೆಯ ಪಾಠ. ಪುಸ್ತಕದ ಮೊದಲನೇ ಅಭ್ಯಾಸ: ‘ನೀನು ಈ ದೇಶಕ್ಕೆ ಹೇಗೆ ಬಂದೆ? ಪಕ್ಕದಲ್ಲಿ ಕೂತವರಿಗೆ ಹೇಳು.’ ಯಾರು ಬರೆದರೋ ಪುಣ್ಯಾತ್ಮರು. ನನ್ನ ಕ್ಲಾಸಿನ ಗ್ವಾಟೆಮಾಲಾದ ಹುಡುಗ ಏನಂತ ಹೇಳಬೇಕು? 1982ರ ಪ್ಲೈಲರ್ ತೀರ್ಪು ಬಂದಮೇಲೆ, ಕಾಗದಪತ್ರ ಇಲ್ಲದ ಮಕ್ಕಳನ್ನೂ ಸರ್ಕಾರಿ ಶಾಲೆಗಳು ಹೊರಗಿಡುವಂತಿಲ್ಲ. ಸೇರಿಸಿಕೊಳ್ಳುವಾಗ ಆಫೀಸಿನವರು ಕೇಳದ್ದನ್ನು ನಾನು ಇಂಗ್ಲಿಷ್ ಕಲಿಸುವ ನೆಪದಲ್ಲಿ ಕೇಳಲೆ? ಆ ಪುಟ ಬಿಟ್ಟೆ. ಬದಲಿಗೆ ಏನು ಮಾಡಿಸಲಿ, ಹೊಳೀತಿಲ್ಲ.

7, ಮಂಗಳವಾರ

ಸತ್ತವರಿಂದ ಶುರು ಮಾಡಿದೆ. ಅವರನ್ನು ಯಾರೂ ಹಿಡಿದು ವಾಪಸ್ ಕಳಿಸಲಾರರು. ಎಲ್ಲಿಸ್ ಐಲ್ಯಾಂಡ್ ವಲಸೆ ಠಾಣೆ, 1892ರ ಜನವರಿ 1. ಮೊದಲು ಹೆಸರು ಬರೆಸಿದವಳು ಐರ್ಲೆಂಡಿನ ಆನಿ ಮೂರ್, ಹದಿನೇಳು ವರ್ಷ. ಜೊತೆಗೆ ಇಬ್ಬರು ತಮ್ಮಂದಿರು. ಅಪ್ಪ ಅಮ್ಮ ಮೊದಲೇ ನ್ಯೂಯಾರ್ಕ್ ಸೇರಿದ್ದರು.

ಹೊಂಡುರಾಸ್ ಹುಡುಗಿ ಕೈ ಎತ್ತಿದಳು. “ಮಿಸ್, ಅವಳ ಅಮ್ಮನಿಗೆ ಗುರುತು ಸಿಕ್ಕಿತಾ?”

ಯಾರೂ ನಗಲಿಲ್ಲ.

8, ಬುಧವಾರ

ಎಲ್ಲಿಸ್ ಐಲ್ಯಾಂಡಿನ ಡಾಕ್ಟರುಗಳು ಕೋಟಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದರು: ಕಣ್ಣಿಗೆ ‘ಇ’, ಹೃದಯಕ್ಕೆ ‘ಎಚ್’. ಗುಂಡಿ ಹಾಕುವ ಕೊಕ್ಕೆಯಿಂದ ರೆಪ್ಪೆ ಮಗುಚಿ ನೋಡುತ್ತಿದ್ದರು ಅಂದಾಗ ಇಡೀ ಕ್ಲಾಸು ಕಣ್ಣು ಮುಚ್ಚಿಕೊಂಡಿತು. ಗುರುತು ಮರೆಸಲು ಕೋಟು ತಿರುವಿ ಹಾಕಿಕೊಂಡವರ ಕಥೆಗಳೂ ಇವೆ, ಅಂದೆ. ಗ್ವಾಟೆಮಾಲಾದವನ ಮನೆಮಾತು ಮಾಮ್, ಸ್ಪ್ಯಾನಿಷ್ಷೂ ಕಲಿತದ್ದೇ, ತುಟಿ ಬಿಚ್ಚುವವನಲ್ಲ. ಎದ್ದು ಜಾಕೆಟ್ ಬಿಚ್ಚಿ, ಒಳಮೈ ಹೊರಗೆ ಮಾಡಿ ತೊಟ್ಟು ಕೂತ. ಬೆಲ್ ಹೊಡೆದ ಮೇಲೂ ಹಾಗೇ ಹೋದ. ತಮಾಷೆಗೋ ಏನೋ.

ರಾತ್ರಿ ಅಮ್ಮನ ಫೋನು, ತುಮಕೂರಿಂದ. “ಮಗೀಗೆ ಗ್ರೀನ್ ಕಾರ್ಡ್ ಬಂತೇನೇ?” ಇಲ್ಲಮ್ಮ. ಇಪ್ಪತ್ತೊಂದು ತುಂಬಿದರೆ ಮಗಳು ಅವಲಂಬಿತರ ಎಚ್-4 ವೀಸಾದಿಂದ ಹೊರಗೆ. ತೊಟ್ಟಿಲಲ್ಲಿ ಬಂದವಳು ಸ್ಟೂಡೆಂಟ್ ವೀಸಾಕ್ಕೆ ಅರ್ಜಿ ಹಾಕಬೇಕು. ಗ್ರೀನ್ ಕಾರ್ಡಿಗೆ ಒಂದೊಂದು ದೇಶಕ್ಕೂ 7% ಮಿತಿ, ನಮ್ಮ ಸಾಲು ಕದಲುವುದಿಲ್ಲ. ಕನ್ನಡ ಕೂಟದಲ್ಲಿ “ನಾವು ಕಾನೂನು ಪ್ರಕಾರ ಬಂದವರು” ಅನ್ನುವವರ ಮಕ್ಕಳೂ ಇದೇ ಸಾಲಿನಲ್ಲಿದ್ದಾರೆ. ಯಾರೂ ಬಾಯಿ ಬಿಡೋಲ್ಲ. ನಾನೂ.

9, ಗುರುವಾರ

ಏಂಜಲ್ ಐಲ್ಯಾಂಡ್ ವಲಸೆ ಠಾಣೆ, ಸ್ಯಾನ್ ಫ್ರಾನ್ಸಿಸ್ಕೋ, 1910ರಿಂದ 1940. ಚೀನಾದ ಕೂಲಿಕಾರರಿಗೆ 1882ರ ಕಾಯ್ದೆಯೇ ಬಾಗಿಲು ಹಾಕಿತ್ತು. ಇಲ್ಲಿನ ಪ್ರಜೆಯ ಮಗ ಅಂತ ರುಜುವಾತು ಮಾಡಿದರೆ ಒಳಗೆ. ಅದಕ್ಕೇ ಆ ವಿಚಾರಣೆ: ನಿಮ್ಮ ಮನೆಗೆ ಎಷ್ಟು ಮೆಟ್ಟಿಲು? ಅಕ್ಕಿ ಎಲ್ಲಿಡ್ತಾರೆ? ‘ಹೌ ಮೆನಿ’ ಕಲಿಸಲು ಇದಕ್ಕಿಂತ ಒಳ್ಳೆ ಪಾಠ ಸಿಗದು. ಹೇಳಿಕೊಳ್ಳಲು ಸಂಕೋಚ.

ಹೋಂವರ್ಕ್: ನೀವೇ ಅಧಿಕಾರಿ. ಊರಿನ ಮನೆ ಬಗ್ಗೆ ಐದು ಪ್ರಶ್ನೆ ಬರೆದು ತನ್ನಿ. ಬಂದ ದಾರಿ ಬೇಡ, ಮನೆ ಸಾಕು.

10, ಶುಕ್ರವಾರ

ಗ್ವಾಟೆಮಾಲಾದವನು ಪ್ರಶ್ನೆ ಬರೆದಿಲ್ಲ. ಬರೀ ಉತ್ತರ. ಮೆಟ್ಟಿಲು ಇಲ್ಲ. ಬಾಗಿಲು ಒಂದು. ನಾಯಿ ಎರಡು, ಈಗ ಒಂದು. ಅಜ್ಜಿ ಒಲೆ ಹತ್ತಿರ ಮಲಗುತ್ತಾಳೆ.

ಮಕ್ಕಳ ಬರಹ ಕಾರಿಡಾರಿನ ಗೋಡೆಗೆ ಅಂಟಿಸಿ ಅಂತ ಮೇಲಿನವರ ಇಮೇಲ್. ಇದನ್ನು ಅಂಟಿಸಲೋ, ಫೈಲಿನಲ್ಲೇ ಇಡಲೋ. ಅವನನ್ನೇ ಕೇಳಬೇಕು. ಸೋಮವಾರ ಕೊಲಂಬಸ್ ಡೇ, ರಜ. ಮಂಗಳವಾರವೇ ಇನ್ನು.