ಅಜ್ಜಿಯವರ ಉತ್ತರ

ಶಾಲೆಯನ್ನು ಬಿಟ್ಟು ಬಹುಕಾಲವಾದರೂ ಸತ್ಯವೇದ ತರಗತಿಯ ಒಂದು ಪ್ರಶ್ನೆಯು ನಮ್ಮನ್ನು ಬಿಟ್ಟಿಲ್ಲ. ತಂದೆ, ಮಗ, ಪವಿತ್ರಾತ್ಮರು ಮೂವರಾಗಿದ್ದೂ ಒಬ್ಬನೇ ದೇವರೆಂದು ನಂಬದವರಿಗೆ ರಕ್ಷಣೆಯುಂಟೋ ಇಲ್ಲವೋ? ಇದನ್ನೆತ್ತಿದವಳು ನಮ್ಮ ಹಿಂದೂ ಸಹಪಾಠಿಯೊಬ್ಬಳು. ಉಪಾಧ್ಯಾಯಿನಿಯವರು ನಸುನಕ್ಕು, ಗಂಟೆಯಾಯಿತೆಂದರು. ಇತರರು ನಿಶ್ಚಿಂತರಾಗಿ ಆಟಕ್ಕೆ ಹೋದರು. ನಮಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಅಜ್ಜಿಯವರು ಅದೇ ತಿಂಗಳು ಆ ಪ್ರಶ್ನೆಯಲ್ಲಿಯೇ ಎಡವಿದ್ದರು.

ಅಜ್ಜಿಗೆ ಓದುಬರಹ ಬಾರದು. ಮಗನು ಕ್ರೈಸ್ತನಾಗಿ ಎಷ್ಟೋ ವರ್ಷಗಳಾದ ಮೇಲೆ, ಎಪ್ಪತ್ತರ ಸಮೀಪದಲ್ಲಿ, ಅವರು ತಾವಾಗಿಯೇ ದೀಕ್ಷಾಸ್ನಾನವನ್ನು ಕೇಳಿಕೊಂಡರು. ಉಪದೇಶಿಗಳು ಜಗಲಿಯಲ್ಲಿ ಕುಳಿತು ತ್ರಿತ್ವವನ್ನು ವಿವರಿಸಿದರು. ನೀರು, ಮಂಜುಗಡ್ಡೆ, ಹಬೆ ಎಂಬ ಹೋಲಿಕೆಯನ್ನೂ ಕೊಟ್ಟರು. (ಒಬ್ಬನೇ ಮೂರು ವೇಷ ಹಾಕುತ್ತಾನೆಂಬ ಸಬೆಲ್ಲಿಯನ ಮತಕ್ಕೇ ಈ ಹೋಲಿಕೆಯು ಹೊಂದುವುದೆಂದೂ, ಸಭೆಯು ಅದನ್ನು ಪುರಾತನ ಕಾಲದಲ್ಲಿಯೇ ತಳ್ಳಿಹಾಕಿತೆಂದೂ ನಾವು ಆಮೇಲೆ ಓದಿ ತಿಳಿದೆವು.) ಅಜ್ಜಿಯು ಎಲ್ಲವನ್ನೂ ಕೇಳಿ, “ಅಯ್ಯಾ, ಅದು ನನ್ನ ತಲೆಗೆ ಹತ್ತದು. ನನಗೆ ಯೇಸುಸ್ವಾಮಿ ಗೊತ್ತು, ಸ್ವಾಮಿಗೆ ನಾನು ಗೊತ್ತು” ಎಂದರು. ಉಪದೇಶಿಗಳು ಮುಂದಿನ ಹಬ್ಬಕ್ಕೆ ನೋಡೋಣವೆಂದು ಎದ್ದುಹೋದರು.

ಅವರಿಗೂ ಆಧಾರವಿಲ್ಲದಿರಲಿಲ್ಲ. ಅಥನಾಸಿಯನ ಹೆಸರಿನ ವಿಶ್ವಾಸಪ್ರಮಾಣವು, ತ್ರಿತ್ವವನ್ನು ನಿಷ್ಠೆಯಿಂದ ಹಿಡಿಯದವನು ನಾಶವಾಗುವನೆಂದು ಖಂಡಿತವಾಗಿ ಸಾರುತ್ತದೆ. ಅದು ಅಥನಾಸಿಯನ ಕೃತಿಯಲ್ಲ. ಅವನು 373ರಲ್ಲಿ ತೀರಿಕೊಂಡ ಬಳಿಕ ಲತೀನ್ ಭಾಷೆಯಲ್ಲಿ ಹುಟ್ಟಿದ್ದು. ಆಂಗ್ಲ ಸಭೆಯ 1662ನೆಯ ಇಸವಿಯ ಪ್ರಾರ್ಥನಾ ಪುಸ್ತಕವು ಅದನ್ನು ವರ್ಷದಲ್ಲಿ 13 ದಿನ ಪಠಿಸಬೇಕೆಂದು ವಿಧಿಸಿತು. ಅಮೆರಿಕದ ಎಪಿಸ್ಕೋಪಲ್ ಸಭೆಯವರು 1789ರಲ್ಲಿ ತಮ್ಮ ಪುಸ್ತಕದಿಂದ ಅದನ್ನು ಬಿಟ್ಟೇಬಿಟ್ಟರು. ಸತ್ಯವೇದದಲ್ಲಾದರೋ ತ್ರಿತ್ವವೆಂಬ ಶಬ್ದವೇ ಇಲ್ಲ. ಫಿಲಿಪ್ಪಿಯ ಸೆರೆಮನೆಯ ಯಜಮಾನನು ನಡುಗುತ್ತಾ ರಕ್ಷಣೆಯ ದಾರಿಯನ್ನು ಕೇಳಿದಾಗ, ಕರ್ತನಾದ ಯೇಸುವನ್ನು ನಂಬೆಂದೇ ಪೌಲಸೀಲರು ಹೇಳಿದರು. ಶಿಲುಬೆಯ ಮೇಲಿದ್ದ ಕಳ್ಳನು ಯಾವ ಪ್ರಶ್ನೋತ್ತರವನ್ನು ಬಾಯಿಪಾಠ ಮಾಡಿದ್ದನು?

ಹಾಗಾದರೆ ಈ ಬೋಧನೆಯು ಪಂಡಿತರ ಕಾಲಹರಣವೋ? ಹಾಗೆಂದು ನಾವು ಒಪ್ಪಲಾರೆವು. 325ರಲ್ಲಿ ನೀಕೇಯದಲ್ಲಿ ಕೂಡಿದ ಸಭೆಯವರ ಮುಂದಿದ್ದದ್ದು ರಕ್ಷಣೆಯ ಮಾತೇ. ಮಗನು ಸೃಷ್ಟಿಸಲ್ಪಟ್ಟವನೆಂದು ಅರಿಯನು ಕಲಿಸಿದನು. ನಮ್ಮಂತೆಯೇ ಸೃಷ್ಟಿಯಾದವನು ನಮ್ಮನ್ನು ದೇವರೊಡನೆ ಸೇರಿಸುವುದೆಂತು ಎಂಬುದು ಅಥನಾಸಿಯನ ಚಿಂತೆ. ಮುಳುಗುವವನನ್ನು ದಡದಲ್ಲಿ ನಿಂತವನಲ್ಲದೆ ಜೊತೆಯಲ್ಲಿ ಮುಳುಗುವವನು ಎತ್ತುವನೇ?

ನಮ್ಮ ದೇಶದಲ್ಲಿಯೂ ಈ ವಿವಾದವು ನಡೆಯಿತು. ರಾಜಾ ರಾಮಮೋಹನ ರಾಯರು 1820ರಲ್ಲಿ ಯೇಸುವಿನ ನೀತಿಬೋಧೆಗಳನ್ನು ಮಾತ್ರ ಆರಿಸಿ ಪ್ರಕಟಿಸಿದಾಗ ಶ್ರೀರಾಮಪುರದ ಮಿಷನೆರಿಗಳು ಎದುರು ನಿಂತರು. ರಾಯರೊಡನೆ ಸುವಾರ್ತೆಯನ್ನು ಬಂಗಾಳಿಗೆ ತರುತ್ತಿದ್ದ ವಿಲಿಯಂ ಆಡಮ್ ಎಂಬ ಬ್ಯಾಪ್ಟಿಸ್ಟ್ ಬೋಧಕರು ಯೋಹಾನನ ಪ್ರಾರಂಭದ ಒಂದು ಗ್ರೀಕ್ ಅವ್ಯಯದ ಚರ್ಚೆಯಲ್ಲಿ ತೊಡಗಿ, 1821ರಲ್ಲಿ ತ್ರಿತ್ವವನ್ನು ಬಿಟ್ಟರು. ವಿರೋಧಿಗಳು ಅವರನ್ನು ಎರಡನೆಯ ಸಲ ಬಿದ್ದ ಆದಾಮನೆಂದು ಹಾಸ್ಯ ಮಾಡಿದರಂತೆ. ನಮಗೆ ಆ ಹಾಸ್ಯ ರುಚಿಸದು. ಅವರು ತಪ್ಪಿದರೆಂದೇ ನಾವು ಎಣಿಸುತ್ತೇವೆ. ಆದರೆ ಸತ್ಯವನ್ನು ಹುಡುಕಿ ತಪ್ಪಿದವನಿಗೆ ನರಕದ ಚೀಟಿಯನ್ನು ಬರೆದುಕೊಡುವ ಅಧಿಕಾರವನ್ನು ನಮಗಾರೂ ಕೊಟ್ಟಿಲ್ಲ. ಅರಿತು ನಿರಾಕರಿಸಿದ ಪಂಡಿತನ ವಿಷಯ ಬೇರೆ, ಅರಿಯಲಾರದೆ ಅಪ್ಪಿಕೊಂಡ ಮುದುಕಿಯ ವಿಷಯ ಬೇರೆ.

ಹಬ್ಬವು ಬರುವ ಮುಂಚೆಯೇ ಅಜ್ಜಿಯು ಹಾಸಿಗೆ ಹಿಡಿದರು. ಪಾದ್ರಿಗಳು ಮನೆಗೆ ಬಂದು, ಯೇಸುವಿನಲ್ಲಿ ಭರವಸವುಂಟೋ ಎಂದಷ್ಟೇ ಕೇಳಿದರು. ಬಳಿಕ ನಮ್ಮ ತಾಯಿಯವರು ಹಿಡಿದ ಹಿತ್ತಾಳೆಯ ತಂಬಿಗೆಯಿಂದ ನೀರನ್ನು ತೆಗೆದು, ಮೂರು ಸಲ ತಲೆಯ ಮೇಲೆ ಹಾಕಿ, ಆ ಮೂರು ನಾಮಗಳನ್ನು ಉಚ್ಚರಿಸಿದರು. ವಿವರಿಸಲಾರದಿದ್ದ ಹೆಸರುಗಳನ್ನು ಅಜ್ಜಿಯು ಒಂದೊಂದಾಗಿ, ಮೆಲ್ಲಗೆ, ಪಾದ್ರಿಗಳ ಹಿಂದೆ ಹೇಳಿಕೊಂಡರು.

ಮೊನ್ನೆ ಈ ಕಥೆಯನ್ನು ಕೇಳಿದ ನಮ್ಮ ಮಗಳು, “ಪಾದ್ರಿಗಳು ಬರುವುದು ಒಂದು ದಿನ ತಡವಾಗಿದ್ದರೆ, ಅಮ್ಮಾ?” ಎಂದಳು. ಜಗಲಿಯಲ್ಲಿ ಅಜ್ಜಿಯು ಉಪದೇಶಿಗಳಿಗೆ ಹೇಳಿದ ಮಾತನ್ನೇ ನಾವು ಅವಳಿಗೆ ಮತ್ತೊಮ್ಮೆ ಹೇಳಿದೆವು.