ಮೂಳೆಯ ಒಪ್ಪಿಗೆ

ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದ ಆ ನಿವೃತ್ತ ಮೇಷ್ಟ್ರು ಮೂವತ್ತು ವರ್ಷ ಮಕ್ಕಳಿಗೆ ತಾಳ್ಮೆಯ ಪಾಠ ಹೇಳಿದವರು. ಆ ಪಾಠ ತಮ್ಮತ್ತಲೇ ತಿರುಗಿ ಬಂದೀತೆಂದು ಅವರು ಎಣಿಸಿರಲಿಲ್ಲ. ತೆಂಗಿನ ತೋಟದ ಬದುವಿನಲ್ಲಿ ಕಾಲು ಜಾರಿ ತೊಡೆಯ ಮೂಳೆ ಸೊಂಟದ ಬಳಿ ಮುರಿಯಿತು. ತುಮಕೂರಿನಲ್ಲಿ ಶಸ್ತ್ರಚಿಕಿತ್ಸೆಯಾಗಿ, ಆ ಸ್ಥಾನದಲ್ಲಿ ಟೈಟೇನಿಯಂ ಲೋಹದ ಕೀಲು ಕುಳಿತಿತು. ಆರು ವಾರ ಊರುಗೋಲಿಲ್ಲದೆ ಹೆಜ್ಜೆಯಿಡಕೂಡದೆಂದು ವೈದ್ಯರು ಕಟ್ಟಪ್ಪಣೆ ಮಾಡಿದರು.

ಹತ್ತೇ ದಿನಗಳಲ್ಲಿ ಮೇಷ್ಟ್ರಿಗೆ ಬೇಸರ ಬಂದಿತು. ನೋವು ಇಳಿದಿದೆ, ಒಳಗಿರುವುದು ಲೋಹ, ಇನ್ನೇತರ ಭಯ? ಹೆಂಡತಿ ಹಿತ್ತಿಲಿಗೆ ಹೋದ ಹೊತ್ತು ನೋಡಿ, ಗೋಡೆ ಹಿಡಿದು ಎದ್ದು ನಿಂತರು. ಮರಳಿ ಬಂದ ಆಕೆ ಬಾಗಿಲಲ್ಲೇ ಕಣ್ಣೀರಿಟ್ಟರು.

“ಮತ್ತೊಮ್ಮೆ ಕೊಯ್ಯಿಸಿಕೊಳ್ಳುವ ಶಕ್ತಿ ನಿಮಗಿರಬಹುದು. ನೋಡುವ ಶಕ್ತಿ ನನಗಿಲ್ಲ.”

ಆಕೆಯ ಅಂಜಿಕೆ ಅಕಾರಣವಾದುದಲ್ಲ. ಲೋಹವೆಷ್ಟು ಗಟ್ಟಿಯಾದರೇನು, ಮೂಳೆ ಅದನ್ನು ತನ್ನದೆಂದು ಹಿಡಿದುಕೊಳ್ಳಬೇಕು. ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬ ವಿಜ್ಞಾನಿ 1952ರಲ್ಲಿ ಮೊಲದ ಮೂಳೆಯೊಳಗೆ ಟೈಟೇನಿಯಂ ಸಾಧನವೊಂದನ್ನಿಟ್ಟು ರಕ್ತಸಂಚಾರವನ್ನು ಪರೀಕ್ಷಿಸುತ್ತಿದ್ದರು. ತೆಗೆಯಹೋದರೆ ಅದು ಬರಲೊಲ್ಲದು; ಮೂಳೆ ಅದಕ್ಕೆ ಬೆಸೆದುಕೊಂಡಿತ್ತು. 1965ರಲ್ಲಿ ಅವರು ಮೊದಲ ಬಾರಿಗೆ ರೋಗಿಯೊಬ್ಬನ ದವಡೆಯಲ್ಲಿ ಕೃತಕ ಹಲ್ಲುಗಳಿಗೆ ಟೈಟೇನಿಯಂ ಬೇರುಗಳನ್ನು ನೆಟ್ಟರು.

ಆದರೆ ನುಣುಪಾದ ಲೋಹದ ಮೇಲೆ ಮೂಳೆಯ ಹಿಡಿತ ದುರ್ಬಲ. ಆದುದರಿಂದ ಅದರ ಮೈಯ ಮೇಲೆ ಗಟ್ಟಿಯಾದ ಕಣಗಳನ್ನು ರಭಸದಿಂದ ಸಿಡಿಸಿ, ಆಮ್ಲದಲ್ಲಿ ತೊಳೆದು, ಕಣ್ಣಿಗೆ ಕಾಣದ ಕುಳಿಗಳನ್ನು ಮಾಡುತ್ತಾರೆ. ಕೆಲವು ಕೀಲುಗಳಿಗೆ ಹೈಡ್ರಾಕ್ಸಿಅಪಟೈಟ್ ಲೇಪವೂ ಉಂಟು. ಅದು ಸುಣ್ಣ ಮತ್ತು ರಂಜಕದ ಅಂಶಗಳುಳ್ಳ, ಮೂಳೆಯ ಖನಿಜವನ್ನೇ ಹೋಲುವ ವಸ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಇಂತಹ ಮೇಲ್ಮೈಗಳನ್ನು ಕುರಿತು ಸಂಶೋಧನೆ ನಡೆದಿದೆ. ಮೂಳೆಯ ಜೀವಕೋಶಗಳು ಆ ಒರಟಿಗೆ ಅಂಟಿಕೊಂಡು, ವಾರಗಟ್ಟಲೆ ದುಡಿದು ಹೊಸ ಮೂಳೆಯನ್ನು ಕಟ್ಟುತ್ತವೆ. ಆ ವೇಳೆಯಲ್ಲಿ ಕೀಲು ಅಲುಗಾಡಿದರೆ ನಡುವೆ ಮೂಳೆಗೆ ಬದಲು ಮೆತ್ತನೆಯ ನಾರು ಬೆಳೆದು, ಕೀಲು ಸಡಿಲವಾಗುತ್ತದೆ.

ವೈದ್ಯರು ಇದನ್ನೆಲ್ಲ ವಿವರಿಸಿದಾಗ ಮೇಷ್ಟ್ರು ಸುಮ್ಮನೆ ತಲೆಯಾಡಿಸಿದ್ದರು. ಅದು ಮನಸ್ಸಿಗಿಳಿದುದು ಮನೆಯ ಜಗಲಿಯಲ್ಲಿ. ಎದುರುಮನೆಯಲ್ಲಿ ಗಾರೆಯವನು ಹಳೆಯ ಗೋಡೆಯನ್ನು ಉಳಿಯಿಂದ ಕಚ್ಚು ಮಾಡುತ್ತಿದ್ದ. ನುಣುಪು ಗೋಡೆಗೆ ಗಾರೆ ನಿಲ್ಲದು. ಮರುದಿನ ಗಾರೆ ಮೆತ್ತಿದ. ಒರಗಲು ಬಂದ ಹುಡುಗರನ್ನು ಗದರಿಸಿ ಅಟ್ಟಿದ.

ಮೇಷ್ಟ್ರು ಬಹಳ ಹೊತ್ತು ಆ ಹಸಿ ಗೋಡೆಯನ್ನೇ ನೋಡುತ್ತ ಕುಳಿತಿದ್ದರು. ಆಮೇಲೆ ಒಳಕ್ಕೆ ತಿರುಗಿ ಹೆಂಡತಿಯನ್ನು ಕರೆದರು:

“ಆ ಕೋಲು ಇತ್ತ ಕೊಡು.”

ಲೋಹವನ್ನು ಒರಟು ಮಾಡುವುದು ಮನುಷ್ಯನ ಜಾಣ್ಮೆ. ಬೆಸೆಯುವುದು ಮೂಳೆಯ ಕೆಲಸ. ಅದು ಮುಗಿಯುವತನಕ ಕಾಯುವುದಷ್ಟೇ ಮೇಷ್ಟ್ರ ಪಾಲಿಗೆ ಉಳಿದಿತ್ತು.